ಮಾರಿಸ್ ಮೈನರ್‌ಗೆ ಅದರ ಕಾಲದ ರೇಡಿಯೊ ಕೂರಿಸಿದ್ದು

ರೇಡಿಯೊ ಕೂರಿಸಲು ನನಗೆ ಹಿಡಿದದ್ದು ಒಂದು ಭಾನುವಾರ. ಅದರಲ್ಲಿ ನೆಟ್ಟಗೆ ಒಂದು ಹಾಡು ಕೇಳಲು ಹಿಡಿದದ್ದು ಎರಡೂವರೆ ತಿಂಗಳು. ಅಷ್ಟು ದಿನವೂ ಅದು ಕೇಳಿಸುತ್ತಿದ್ದುದು ನನ್ನ ಕಾರಿನ ಗಲಾಟೆಯನ್ನೇ: ಪ್ಲಗ್ಗುಗಳ ಟಿಕ್ ಟಿಕ್, ಬ್ಯಾಟರಿ ಚಾರ್ಜ್ ಮಾಡುವ ಡೈನಮೊದ ಕುಂಯ್‌ಗುಟ್ಟುವಿಕೆ, ಅದನ್ನು ಹದ್ದುಬಸ್ತಿನಲ್ಲಿಡುವ ರೆಗ್ಯುಲೇಟರಿನ ಚರಪರ. ರೇಡಿಯೊ ರಿಪೇರಿ ಈ ಕೆಲಸದ ಸಣ್ಣ ಪಾಲು. ದೊಡ್ಡ ಪಾಲು ಕಾರಿನ ಬಾಯಿ ಮುಚ್ಚಿಸುವುದು. ಇದು ಮೊದಲೇ ಗೊತ್ತಿದ್ದರೆ ಸೀಟಿನ ಅಡಿ ತಲೆ ತೂರಿಸಿಕೊಂಡು ಬಿದ್ದಿರುವ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು.

ಕಾರು 1963ರ ಮಾರಿಸ್ ಮೈನರ್ 1000. ಡ್ಯಾಶ್‌ಬೋರ್ಡಿನ ನಟ್ಟನಡುವೆ ದೊಡ್ಡ ಸ್ಪೀಡೋಮೀಟರ್, ಅದರ ಎರಡೂ ಬದಿಗೆ ಸಾಮಾನಿಡುವ ಗೂಡು. ರೇಡಿಯೊಗೆಂದು ಬಿಟ್ಟ ಜಾಗವೇ ಇಲ್ಲ. ತಗಡು ಕೊಯ್ಯಲು ಮನಸ್ಸಿಲ್ಲ, ರೇಡಿಯೊ ಬೇಡವೆನ್ನಲೂ ಮನಸ್ಸಿಲ್ಲ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಕೊನೆಗೆ ಡ್ಯಾಶ್‌ನ ಕೆಳಗಿರುವ ತಟ್ಟೆಯ ಅಡಿಗೆ ಎರಡು ಪಟ್ಟಿ ಬಗ್ಗಿಸಿ ತೂಗುಹಾಕಿದೆ. ಹಿಂಬದಿಗೆ ಇನ್ನೊಂದು ಪಟ್ಟಿಯ ಆಸರೆ ಕೊಟ್ಟೆ, ಇಲ್ಲದಿದ್ದರೆ ಗುಂಡಿ ಬಿದ್ದ ರಸ್ತೆಯಲ್ಲಿ ಸೆಟ್ಟು ತಲೆಯಾಡಿಸುತ್ತದೆ. ನಾಳೆ ಬಿಚ್ಚಿದರೂ ಕಾರಿಗೆ ಒಂದು ಹೊಸ ತೂತೂ ಇರುವುದಿಲ್ಲ. ಏರಿಯಲ್ಲಿನದೊಂದನ್ನು (ಆಂಟೆನಾದ್ದು) ಬಿಟ್ಟು.

ಸೆಟ್ಟಿನ ಆಯ್ಕೆಯಲ್ಲಿ ಸ್ವಲ್ಪ ತಲೆಕೆಡಿಸಿಕೊಂಡೆ. ಮೊದಲ ತಲೆಮಾರಿನ ಕಾರ್ ರೇಡಿಯೊಗಳು, ಅಂದರೆ 1930ರ ಮೋಟೊರೋಲಾ, 1932ರ ಬ್ಲಾಪಂಕ್ಟ್ ಕಾಲದವು, ಎಲ್ಲ ವಾಲ್ವಿನವು, ಅಂದರೆ ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಬುರುಡೆಗಳವು. ವಾಲ್ವಿಗೆ ಇನ್ನೂರು ವೋಲ್ಟಿನ ಆಸುಪಾಸು ಬೇಕು, ಬ್ಯಾಟರಿಯಲ್ಲಿ ಇರುವುದು ಆರೋ ಹನ್ನೆರಡೋ. ಹಾಗಾಗಿ ಮುಂದೆ ವೈಬ್ರೇಟರ್ ಅಂತ ಒಂದು ಡಬ್ಬಿ ಬಂತು: ಒಳಗಿನ ನಾಲಗೆ ಪಟಪಟ ಬಡಿದು ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟನ್ನು ತುಂಡು ತುಂಡು ಮಾಡುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸುತ್ತದೆ. ಆ ಗುಂಯ್‌ಗಾಟ ಕೆಲವರಿಗೆ ಬಲು ಇಷ್ಟ. ನನ್ನ ಡೈನಮೊಗೆ ಮಾತ್ರ ಹೆಡ್‌ಲೈಟಿನ ಭಾರವೇ ಸಾಕಾಗಿತ್ತು. 1955ರಲ್ಲೇ ಕ್ರೈಸ್ಲರ್ ಕಾರಿಗೆ ಫಿಲ್ಕೊ ಕಂಪನಿಯ ಪೂರ್ತಿ ಟ್ರಾನ್ಸಿಸ್ಟರ್ ಸೆಟ್ಟು ಬಂದಿದೆ. 1963ರ ಕಾರಿಗೆ ಟ್ರಾನ್ಸಿಸ್ಟರ್ ಸೆಟ್ಟು ಕಾಲಕ್ಕೆ ಸುಳ್ಳಾಗುವುದಿಲ್ಲ ಎಂದುಕೊಂಡು ಅರವತ್ತರ ದಶಕದ ಒಂದು ಸೆಟ್ಟು ಹುಡುಕಿ ತಂದೆ. ಮೀಡಿಯಂ ವೇವ್, ಲಾಂಗ್ ವೇವ್, ಎರಡು ನಾಬ್, ಅಷ್ಟೆ.

ತಂದವನು ಅದನ್ನು ನೇರ ಬ್ಯಾಟರಿಗೆ ಕೊಡಲಿಲ್ಲ, ಅಷ್ಟು ಬುದ್ಧಿ ಇತ್ತು. ಪ್ಲಸ್ ತಂತಿಯ ನಡುವೆ 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬು ಸೇರಿಸಿದೆ. ಸೆಟ್ಟಿನೊಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ ಎಂದು ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ನನ್ನದು ಮಂಕಾಗಿ ಕೆಂಪಾಯಿತು, ಸ್ಪೀಕರಿನಲ್ಲಿ ಮೆಲ್ಲಗೆ ಸೊಯ್ ಅಂದಿತು, ಸ್ಟೇಷನ್ ಮಾತ್ರ ಒಂದೂ ಇಲ್ಲ. ಆಡಿಯೊ ಭಾಗಕ್ಕೆ ಜೀವವಿದೆ, ಸ್ಟೇಷನ್ ಹಿಡಿಯುವ ಮುಂದಿನ ಭಾಗ ಮಲಗಿದೆ ಎಂದಾಯಿತು.

ಮುಚ್ಚಳ ತೆಗೆದರೆ ಮೂರು AF117 ಎಂಬ ಗುರುತಿನ... ಇಲ್ಲಿ ಒಂದು ನಿಮಿಷ ನಿಲ್ಲಬೇಕು, ಹಳೆ ಸೆಟ್ಟು ಹಿಡಿದವರಿಗೆಲ್ಲ ಈ ಎಎಫ್117 ಗಂಟುಬೀಳುತ್ತದೆ. ಸಣ್ಣ ಲೋಹದ ಟೋಪಿ ಹಾಕಿದ ಜರ್ಮೇನಿಯಂ ಟ್ರಾನ್ಸಿಸ್ಟರ್, ಕಾಲು ಮೂರಲ್ಲ, ನಾಲ್ಕು. ನಾಲ್ಕನೆಯದು ಆ ಟೋಪಿಗೆ ಸೇರಿದ್ದು, ಅರ್ತ್‌ಗೆ ಹೋಗುತ್ತದೆ. ಟೋಪಿಯ ಒಳಮೈಯಿಂದ ವರ್ಷಗಳು ಕಳೆದಂತೆ ಕೂದಲಿಗಿಂತ ಸಣ್ಣ ತವರದ ಎಳೆಗಳು ಬೆಳೆಯುತ್ತವೆ. ಬೆಳೆದು ಒಳಗಿನ ತಂತಿಗಳನ್ನು ಮುಟ್ಟಿದ ದಿನ ಟ್ರಾನ್ಸಿಸ್ಟರ್ ಅರ್ತ್‌ಗೆ ಶಾರ್ಟ್. ಸೆಟ್ಟನ್ನು ಬಳಸದೆ ಕಪಾಟಿನಲ್ಲಿಟ್ಟರೂ ಬೆಳೆಯುತ್ತವೆ. ಮೀಟರ್ ಹಿಡಿದು ನೋಡಿದೆ, ಮೂರರಲ್ಲಿ ಎರಡಕ್ಕೆ ಕಲೆಕ್ಟರ್ ಎಂಬ ಕಾಲಿನಿಂದ ಟೋಪಿಗೆ ದಾರಿ ಸಿಕ್ಕಿತು. ಟೋಪಿಗೂ ಅರ್ತ್‌ಗೂ ನಂಟು ಕಡಿಯಲೆಂದು ನಾಲ್ಕನೆಯ ಕಾಲನ್ನು ಸಣ್ಣ ಕಟರಿನಿಂದ ಕತ್ತರಿಸಿದೆ. ಒಂದು ಬದುಕಿತು. ಇನ್ನೊಂದರಲ್ಲಿ ಎಳೆಗಳು ಒಂದಕ್ಕಿಂತ ಹೆಚ್ಚು ಕಡೆ ಮುಟ್ಟಿದ್ದವು, ಅದನ್ನು ಬದಲಿಸಲೇಬೇಕಾಯಿತು. ಒಣಗಿದ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳನ್ನೂ ಹೊಸದು ಹಾಕಿದೆ. ಮೇಜಿನ ಮೇಲೆ, ಮೂರು ಮೀಟರ್ ತಂತಿ ಕಟ್ಟಿ, ರಾತ್ರಿ ಹನ್ನೊಂದಕ್ಕೆ ಅದು ಮಾತಾಡಿತು.

ಕಾರಿಗೆ ಜೋಡಿಸುವ ಮುಂಚೆ ನೋಡಲೇಬೇಕಾದದ್ದು ಅರ್ತ್, ಅಂದರೆ ಬ್ಯಾಟರಿಯ ಯಾವ ತುದಿ ಕಾರಿನ ಬಾಡಿಗೆ ಸೇರಿದೆ ಎಂಬುದು. ಈ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತದೆ, ಈಗಿನವಕ್ಕೆ ತದ್ವಿರುದ್ಧ. ಆದರೆ ಇಷ್ಟು ವರ್ಷಗಳಲ್ಲಿ ಯಾರಾದರೂ ತಿರುಗಿಸಿರಬಹುದು, ಆದ್ದರಿಂದ ಪುಸ್ತಕ ನಂಬಬೇಡಿ, ಮೀಟರ್ ನಂಬಿ. ನನ್ನ ಸೆಟ್ಟಿನ ಬೆನ್ನಿಗೆ ಪ್ಲಸ್ಸೋ ಮೈನಸ್ಸೋ ಎಂದು ತಿರುಗಿಸಿ ಚುಚ್ಚುವ ಒಂದು ಪ್ಲಗ್ ಇತ್ತು. ತಪ್ಪಾದರೆ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಎರಡನೇ ಅವಕಾಶ ಕೊಡುವುದಿಲ್ಲ. ಕರೆಂಟನ್ನು ಫ್ಯೂಸ್ ಬಾಕ್ಸಿನ ಎ4ರಿಂದ ತೆಗೆದೆ, ಇಗ್ನಿಷನ್ ಹಾಕಿದಾಗ ಮಾತ್ರ ಬರುವ ತುದಿ ಅದು. ಅಲ್ಲಿರುವುದು 35 ಆಂಪ್ ಫ್ಯೂಸ್. ರೇಡಿಯೊ ಸುಟ್ಟು ಬೂದಿಯಾದರೂ ಅದು ಹಾರುವುದಿಲ್ಲ. ಅದಕ್ಕೇ ತಂತಿಯಲ್ಲೇ ಇನ್ನೊಂದು 2 ಆಂಪಿನದು. ಸ್ಪೀಕರ್ 3 ಓಮ್‌ನದು ಬೇಕಿತ್ತು, ಈಗಿನ 4 ಓಮ್‌ನದು ಹಾಕಿದೆ, ತಕರಾರಿಲ್ಲ. ಒಂದೇ ಜೋಡಿ ತಂತಿಗೆ ಎರಡು ಸ್ಪೀಕರ್ ಪ್ಯಾರಲಲ್ಲಾಗಿ ಕಟ್ಟುವ ಆಸೆ ಬಂದರೆ ತಡೆದುಕೊಳ್ಳಿ, ಔಟ್‌ಪುಟ್ ಟ್ರಾನ್ಸಿಸ್ಟರ್ ತಡೆದುಕೊಳ್ಳುವುದಿಲ್ಲ.

ಏರಿಯಲ್ಲಿನಲ್ಲಿ ಒಂದು ಎಡವಟ್ಟು ಮಾಡಿದೆ. ಬಂದ ಕೇಬಲ್ ಗಿಡ್ಡವಾಯಿತೆಂದು ಟಿವಿ ಕೇಬಲಿನ ತುಂಡು ಸೇರಿಸಿದೆ. ಸ್ಟೇಷನ್ನುಗಳು ಅರ್ಧಕ್ಕರ್ಧ ಮಾಯ. ಮೀಡಿಯಂ ವೇವ್‌ಗೆ ಒಂದು ಮೀಟರಿನ ಕಡ್ಡಿ ಬಹಳ ಚಿಕ್ಕದು, ಅದು ಹಿಡಿಯುವ ಚೂರುಪಾರು ಸಿಗ್ನಲ್ಲನ್ನು ಕೇಬಲಿನ ಕೆಪಾಸಿಟೆನ್ಸೇ, ಅಂದರೆ ನಡುತಂತಿಗೂ ಹೊರಕವಚಕ್ಕೂ ನಡುವೆ ಚಾರ್ಜು ಹಿಡಿದಿಡುವ ಗುಣವೇ, ತಿಂದುಹಾಕುತ್ತದೆ. ಕಾರ್ ಏರಿಯಲ್ ಕೇಬಲನ್ನು ಕತ್ತರಿಸಿ ನೋಡಿ: ಕೂದಲಿನಂಥ ತಂತಿ, ಸುತ್ತ ಬರೀ ಗಾಳಿ ತುಂಬಿದ ಕೊಳವೆ. ಅದು ಜಿಪುಣತನವಲ್ಲ, ಕೆಪಾಸಿಟೆನ್ಸ್ ಕಡಿಮೆ ಮಾಡಲೆಂದೇ ಹಾಗೆ. ಉದ್ದದ ಸರಿಯಾದ ಕೇಬಲ್ ಹಾಕಿ, ಕಡ್ಡಿ ಪೂರ್ತಿ ಎಳೆದು, ಡಯಲ್ಲಿನ 214 ಮೀಟರಿನ ಹತ್ತಿರ, ಅಂದರೆ 1400 ಕಿಲೊಹರ್ಟ್ಸ್, ಒಂದು ಕ್ಷೀಣ ಸ್ಟೇಷನ್ ಹಿಡಿದು ಸೆಟ್ಟನ್ನು ಏರಿಯಲ್ಲಿಗೆ ಹೊಂದಿಸುವ ಟ್ರಿಮ್ಮರ್ ತಿರುಪನ್ನು ಅತಿ ಜೋರು ಕೇಳುವವರೆಗೆ ತಿರುಗಿಸಿದೆ. ಕಡ್ಡಿಯ ಬುಡದಲ್ಲಿ ಬಣ್ಣ ಕೆರೆದು ಹಲ್ಲಿನ ವಾಷರ್ ತಗಡಿಗೆ ಕಚ್ಚುವಂತೆ ಬಿಗಿದೆ, ಮೇಲೆ ಗ್ರೀಸ್ ಬಳಿದೆ.

ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿದೆ. ಹಾಡು ಹೋಯಿತು, ಕಾರ್ಖಾನೆ ಬಂತು.

ಶಬ್ದ ಹುಡುಕಲು ರೇಡಿಯೊಗೆ ತಾತ್ಕಾಲಿಕವಾಗಿ ನೇರ ಬ್ಯಾಟರಿಯಿಂದ ಕರೆಂಟು ಕೊಟ್ಟೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ರೇಸ್ ಮಾಡಿ ಇಗ್ನಿಷನ್ ಆಫ್ ಮಾಡಬೇಕು. ಆ ಕ್ಷಣವೇ ನಿಂತ ಶಬ್ದ ಇಗ್ನಿಷನ್ನಿನದು. ಎಂಜಿನ್ ತಿರುಗಿ ನಿಲ್ಲುವವರೆಗೂ ಇಳಿಯುತ್ತಾ ಬರುವ ಕುಂಯ್ ಡೈನಮೊದ್ದು. ಏರಿಯಲ್ ಪ್ಲಗ್ ಕಿತ್ತ ಮೇಲೂ ಉಳಿದರೆ ಅದು ಕರೆಂಟಿನ ತಂತಿಯಲ್ಲೇ ಬರುತ್ತಿದೆ. ನನ್ನಲ್ಲಿ ಎಲ್ಲವೂ ಇದ್ದವು.

ಶಬ್ದ ತಗ್ಗಿಸಲು ಕಾಯಿಲ್‌ಗೆ, ಅಂದರೆ ಪ್ಲಗ್ಗಿನ ಕಿಡಿಗೆ ವೋಲ್ಟೇಜ್ ಏರಿಸಿಕೊಡುವ ಸುರುಳಿಗೆ, 1 ಮೈಕ್ರೊಫ್ಯಾರಡ್ ಕಂಡೆನ್ಸರ್ ಕಟ್ಟಬೇಕೆಂದು ಗೊತ್ತಿತ್ತು. ಕತ್ತಲಲ್ಲಿ ಅವಸರ ಮಾಡಿ ಸಿಬಿ ಎಂದು ಬರೆದ, ಪಾಯಿಂಟಿಗೆ (ಕಿಡಿ ಹುಟ್ಟಿಸಲು ಕಾಯಿಲ್ಲಿನ ಕರೆಂಟು ಕಡಿಯುವ ಸ್ವಿಚ್ಚಿಗೆ) ಹೋಗುವ ತುದಿಗೇ ಕಟ್ಟಿದೆ. ಶಬ್ದವೇನೋ ಕಡಿಮೆಯಾಯಿತು, ಏಕೆಂದರೆ ಎಂಜಿನ್ನೇ ಕೆಮ್ಮಿ ನಿಂತಿತು. ಪಾಯಿಂಟಿಗೆ ಆಗಲೇ ಒಂದು ಸಣ್ಣ ಕಂಡೆನ್ಸರ್ ಇದೆ, ಅದರ ಹಲವು ಪಟ್ಟು ದೊಡ್ಡದನ್ನು ಜೊತೆಗೆ ಸೇರಿಸಿದರೆ ಕಿಡಿ ಸಾಯುತ್ತದೆ. ಇಗ್ನಿಷನ್ ಸ್ವಿಚ್ಚಿನಿಂದ ಕರೆಂಟು ಬರುವ ಎಸ್‌ಡಬ್ಲ್ಯು ತುದಿಗೆ ಬದಲಿಸಿದೆ, ಸರಿಹೋಯಿತು. ಡೈನಮೊದಲ್ಲೂ ಹಾಗೆಯೇ, ಕಟ್ಟಬೇಕಾದದ್ದು ದಪ್ಪನೆಯ ಡಿ ತುದಿಗೆ. ಎಫ್ ಎಂದು ಬರೆದ ಇನ್ನೊಂದು ತುದಿಗೆ ಕಟ್ಟಿದರೆ ರೆಗ್ಯುಲೇಟರಿನ ಕಾಂಟ್ಯಾಕ್ಟುಗಳು ಸುಟ್ಟುಹೋಗುತ್ತವೆ. ಪ್ಲಗ್ ವೈರುಗಳು ತಾಮ್ರದವು, ತೆಗೆದು ಕಾರ್ಬನ್ನಿನವು ಹಾಕಿದೆ. ಇಷ್ಟಾದರೂ ಸಣ್ಣ ಟಿಕ್ ಟಿಕ್ ಉಳಿದಿತ್ತು. ಒಂದು ದಿನ ಬಾನೆಟ್ ಮೇಲೆ ಮೊಣಕೈ ಊರಿದಾಗ ಅದು ನಿಂತಿತು, ಕೈ ತೆಗೆದರೆ ಮತ್ತೆ ಶುರು. ಕೀಲುಗಳಲ್ಲಿ ಬಣ್ಣ, ತುಕ್ಕು ತುಂಬಿ ಬಾನೆಟ್ ಬಾಡಿಗೆ ಸರಿಯಾಗಿ ಸೇರದೆ ಅದೇ ಒಂದು ಏರಿಯಲ್ಲಾಗಿತ್ತು. ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಾನೆಟ್‌ನಿಂದ ಬಾಡಿಗೆ ಬಿಗಿದೆ. ಟಿಕ್ ಟಿಕ್ ಹೋಯಿತು. ಇಡೀ ಕೆಲಸದಲ್ಲಿ ಇಷ್ಟು ಖುಷಿ ಕೊಟ್ಟದ್ದು ಬೇರೆ ಯಾವುದೂ ಇಲ್ಲ.

ಹಳೆ ಡಬ್ಬಿಯ ಹೊಟ್ಟೆ ಬಗೆದು ಎಫ್‌ಎಂ, ಬ್ಲೂಟೂತ್ ತುಂಬುವವರಿದ್ದಾರೆ. ಅನೇಕ ದೇಶಗಳಲ್ಲಿ ಮೀಡಿಯಂ ವೇವ್ ಕೇಂದ್ರಗಳು ಒಂದೊಂದಾಗಿ ಮುಚ್ಚುತ್ತಿರುವಾಗ ಅವರನ್ನು ತಪ್ಪೆನ್ನಲಾರೆ. ನಾನು ಮಾತ್ರ ಹಾಗೇ ಬಿಟ್ಟಿದ್ದೇನೆ. ಹಗಲು ಎರಡು ಸ್ಟೇಷನ್ ಸಿಗುತ್ತವೆ. ಕತ್ತಲಾದ ಮೇಲೆ ವಾತಾವರಣದ ಮೇಲ್ಪದರ ಅಲೆಗಳನ್ನು ಹಿಂದಿರುಗಿಸತೊಡಗುತ್ತದೆ, ಆಗ ಡಯಲ್ ತುಂಬಾ ಅರ್ಥವಾಗದ ಭಾಷೆಗಳು ಏರುತ್ತಾ ಇಳಿಯುತ್ತಾ ಬರುತ್ತವೆ. ವೈಪರ್ ಮೋಟರಿನ ಗೊರಗೊರ ಇನ್ನೂ ಹೋಗಿಲ್ಲ. ಮಳೆ ಬಂದರೆ ರೇಡಿಯೊ ಆಫ್ ಮಾಡುತ್ತೇನೆ.