ಹಿತ್ತಿಲ ಕೋಳಿಗಳ ರೋಗ, ನುಸಿ, ಜಂತುಹುಳು: ನನ್ನ ಅನುಭವ

ವಿದ್ಯಾರಣ್ಯಪುರದ ನಮ್ಮ ಮನೆಯ ಹಿತ್ತಿಲು 30 ಅಡಿ ಉದ್ದ, 20 ಅಡಿ ಅಗಲದ್ದು. ಒಂದು ನುಗ್ಗೆ ಮರ, ಒಂದು ಕರಿಬೇವಿನ ಗಿಡ, ಅವುಗಳ ನೆರಳಿನಲ್ಲಿ ಕೋಳಿಗೂಡು. ಆರು ವರ್ಷಗಳಿಂದ ಇಲ್ಲಿ ನಾಟಿ ಕೋಳಿಗಳನ್ನೂ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯನ್ನೂ ಒಟ್ಟಿಗೆ ಸಾಕುತ್ತಿದ್ದೇನೆ. ಮರಿಗಳನ್ನು ಬಿಟ್ಟರೆ ಒಮ್ಮೆಯೂ ಹದಿನೈದಕ್ಕಿಂತ ಹೆಚ್ಚು ಕೋಳಿ ಇಟ್ಟಿಲ್ಲ. ನಾಟಿ ಕೋಳಿಗೆ ರೋಗ ಬರುವುದಿಲ್ಲ ಎಂದು ಮೊದಲ ವರ್ಷ ಹಲವರು ಹೇಳಿದ್ದರು, ನಾನೂ ನಂಬಿದ್ದೆ. ಆ ನಂಬಿಕೆಗೆ ತೆತ್ತ ಬೆಲೆ ಏಳು ಮರಿಗಳು.

ಅದು ಸೆಪ್ಟೆಂಬರ್ ತಿಂಗಳು, ಬೆಂಗಳೂರಿನಲ್ಲಿ ಸಂಜೆಯಾದರೆ ಮಳೆ ಹುಯ್ಯುವ ಕಾಲ. ಕಪ್ಪು ಹೇಂಟೆಯೊಂದು ಕಾವು ಕೂತು ಹನ್ನೊಂದು ಮರಿ ಮಾಡಿತ್ತು. ಮರಿಗಳಿಗೆ ಐದು ವಾರ ತುಂಬಿದ ಹೊತ್ತಿಗೆ ಒಂದು ಬೆಳಿಗ್ಗೆ ಮೂರು ಮರಿಗಳು ತಾಯಿಯ ಹಿಂದೆ ಹೋಗದೆ ಮೂಲೆಯಲ್ಲಿ ನಿಂತಿದ್ದವು. ಪುಕ್ಕ ಉಬ್ಬಿಸಿಕೊಂಡು, ರೆಕ್ಕೆ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ ತೂಕಡಿಸುತ್ತಿದ್ದವು. ಚಳಿಯಿರಬೇಕೆಂದು ಗೋಣಿಚೀಲ ಹೊದಿಸಿ, ಅಂಗಡಿಯಿಂದ ಬಿ ವಿಟಮಿನ್ ಟಾನಿಕ್ ತಂದು ನೀರಿಗೆ ಬೆರೆಸಿದೆ. ಮರುದಿನ ಬೆಳಿಗ್ಗೆ ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟಿನ ಮೇಲೆ ಹೆಪ್ಪುಗಟ್ಟಿದ ಕಂದುಗೆಂಪು ಹಿಕ್ಕೆ ಕಂಡಿತು. ಎರಡು ಮರಿಗಳು ಸತ್ತಿದ್ದವು.

ಸತ್ತ ಮರಿಗಳನ್ನು ಹೂಳುವ ಬದಲು ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಕಟ್ಟಿ, ಐಸ್ ತುಂಡುಗಳ ನಡುವೆ ಇಟ್ಟುಕೊಂಡು ಹೆಬ್ಬಾಳಕ್ಕೆ ಒಯ್ದದ್ದು ಆ ದಿನ ನಾನು ಮಾಡಿದ ಒಂದೇ ಸರಿಯಾದ ಕೆಲಸ. ಇಂಥ ಹೊತ್ತಿನಲ್ಲಿ ಶವವನ್ನು ಫ್ರೀಜರಿನಲ್ಲಿ ಗಡ್ಡೆಕಟ್ಟಿಸಬಾರದು, ತಂಪಾಗಿಟ್ಟರೆ ಸಾಕು. ಗಡ್ಡೆಕಟ್ಟಿದರೆ ಒಳಗಿನ ಅಂಗಾಂಶಗಳು ಕೆಟ್ಟು ಪರೀಕ್ಷೆಗೆ ಸಿಗುವುದಿಲ್ಲ. ವೈದ್ಯರು ನನ್ನೆದುರೇ ಮರಿಯ ಹೊಟ್ಟೆ ತೆರೆದು, ಕರುಳಿನ ಕೊನೆಯಲ್ಲಿರುವ ಎರಡು ಕುರುಡು ಚೀಲಗಳನ್ನು ಇಕ್ಕಳದಿಂದ ಎತ್ತಿ ತೋರಿಸಿದರು. ಕಿರುಬೆರಳಿನಷ್ಟು ಊದಿಕೊಂಡಿದ್ದ ಅವುಗಳ ತುಂಬ ರಕ್ತವಿತ್ತು. "ರಕ್ತಭೇದಿ ಅಮ್ಮಾ ಇದು, ಕಾಕ್ಸಿಡಿಯೋಸಿಸ್. ಟಾನಿಕ್ ಮೊದಲು ನಿಲ್ಲಿಸಿ" ಎಂದರು. ಅವರು ಬರೆದುಕೊಟ್ಟ ಆಂಪ್ರೋಲಿಯಂ ಔಷಧವು ಥಯಾಮಿನ್ ಎಂಬ ಬಿ1 ವಿಟಮಿನ್ನಿನ ವೇಷದಲ್ಲಿ ರೋಗಾಣುವಿನೊಳಗೆ ಸೇರಿ ಅದನ್ನು ಹಸಿವಿನಿಂದ ಕೊಲ್ಲುತ್ತದೆ. ಅದೇ ಹೊತ್ತಿಗೆ ನಾವು ನಿಜವಾದ ಬಿ ವಿಟಮಿನ್ ಕೊಟ್ಟರೆ ಔಷಧದ ಕೆಲಸವನ್ನು ನಾವೇ ಕೆಡಿಸಿದಂತೆ. ಒಳ್ಳೆಯದೆಂದು ಕೊಟ್ಟ ಟಾನಿಕ್ಕೇ ಔಷಧಕ್ಕೆ ಅಡ್ಡಿಯಾಗುವಂಥದ್ದು ಎಂದು ತಿಳಿದಾಗ ನನಗಾದ ಸಂಕಟ ಈಗಲೂ ನೆನಪಿದೆ. ಮನೆಗೆ ಬಂದು ಬೇರೆ ನೀರನ್ನೆಲ್ಲ ತೆಗೆದು, ಔಷಧ ಬೆರೆಸಿದ ನೀರೊಂದನ್ನೇ ಅವರು ಹೇಳಿದಷ್ಟು ದಿನ ಇಟ್ಟೆ. ಹನ್ನೊಂದರಲ್ಲಿ ನಾಲ್ಕು ಉಳಿದವು.

ಆದರೆ ಔಷಧಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅವರು ಕೇಳಿದ ಒಂದು ಪ್ರಶ್ನೆ: "ನೀರಿನ ಡಬ್ಬದ ಕೆಳಗೆ ಹೊಟ್ಟು ಹೇಗಿದೆ?" ಹೋಗಿ ನೋಡಿದರೆ ಡಬ್ಬ ಸೋರಿ, ಸುತ್ತ ಎರಡಡಿ ಹೊಟ್ಟು ಮುದ್ದೆಯಾಗಿತ್ತು. ಹಿಕ್ಕೆಯಲ್ಲಿ ಹೊರಬಿದ್ದ ರೋಗಾಣುವಿನ ಕೋಶಗಳಿಗೆ ತೇವವೂ ಬೆಚ್ಚಗಿನ ಹವೆಯೂ ಸಿಕ್ಕರೆ ಒಂದೆರಡು ದಿನಗಳಲ್ಲಿ ಅವು ಸೋಂಕು ತಗುಲಿಸಲು ಸಿದ್ಧವಾಗುತ್ತವೆ, ಒಣನೆಲದಲ್ಲಿ ಆಗುವುದಿಲ್ಲ. ನಾನು ಅಷ್ಟು ದಿನ ಸುರಿದ ಫಿನಾಯಿಲ್ ಆ ಕೋಶಗಳಿಗೆ ತಾಕುವುದೇ ಇಲ್ಲ, ಅವುಗಳ ಗೋಡೆ ಅಷ್ಟು ಗಟ್ಟಿ. ಅಂದಿನಿಂದ ನೀರಿನ ಡಬ್ಬವನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆಯ ಮೇಲಿಟ್ಟು, ಅದರಡಿ ತಂತಿಬಲೆ ಹಾಕಿದ್ದೇನೆ. ಹೊಟ್ಟನ್ನು ವಾರಕ್ಕೆರಡು ಸಲ ಕೆದರಿ ತಿರುವುತ್ತೇನೆ. ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಅದುಮಿ ಬಿಟ್ಟಾಗ ಅದು ಉದುರಿಹೋಗಬೇಕು, ಉಂಡೆಯಾಗಿ ನಿಂತರೆ ಅಂದೇ ಬದಲಾಯಿಸಬೇಕು. ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಬಂದ ತೊಂದರೆ ಬೇರೆ ಬಗೆಯದು. ಹೇಂಟೆಗಳ ಜುಟ್ಟು ಬಿಳಿಚಿಕೊಂಡಿತು, ಮೊಟ್ಟೆ ಕಡಿಮೆಯಾಯಿತು. ಎಲ್ಲಕ್ಕಿಂತ ವಿಚಿತ್ರವೆಂದರೆ, ಕತ್ತಲಾಗುವ ಮೊದಲೇ ತಾವಾಗಿ ಗೂಡು ಸೇರುತ್ತಿದ್ದ ಕೋಳಿಗಳು ನುಗ್ಗೆ ಮರ ಏರಿ ಕೂರತೊಡಗಿದವು. ಹಗಲು ಹಿಡಿದು ಗರಿ ಬಿಡಿಸಿ ನೋಡಿದರೆ ಏನೂ ಇಲ್ಲ. ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಒಳಗೆ ಹೋಗಿ, ಕೋಳಿಗಳು ಕೂರುವ ಅಡ್ಡಗೋಲಿನ ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆಯ ಮೇಲೆ ಕುಂಕುಮದ ಗೆರೆ ಎಳೆದಂತೆ ಕೆಂಪು ಮೂಡಿತು. ಅದು ಕೆಂಪು ನುಸಿ. ಹಗಲಿಡೀ ಮರದ ಸಂದಿಯಲ್ಲಿ ಅಡಗಿದ್ದು, ರಾತ್ರಿ ಹೊರಬಂದು ರಕ್ತ ಹೀರಿ ಮತ್ತೆ ಸಂದಿ ಸೇರುವ ಈ ಪ್ರಾಣಿಯನ್ನು ಕೋಳಿಯ ಮೈಮೇಲೆ ಹುಡುಕಿ ಪ್ರಯೋಜನವಿಲ್ಲ. ಔಷಧ ಬೀಳಬೇಕಾದದ್ದು ಗೂಡಿಗೆ. ಮನೆ ಕಟ್ಟಿದಾಗ ಉಳಿದಿದ್ದ ನೀಲಗಿರಿ ಗಳುಗಳನ್ನೇ ನಾನು ಅಡ್ಡಗೋಲು ಮಾಡಿದ್ದೆ, ತೊಗಟೆಯನ್ನೂ ಸುಲಿದಿರಲಿಲ್ಲ. ಆ ತೊಗಟೆಯಡಿಯೇ ಅವುಗಳ ಊರು.

ಗಳುಗಳನ್ನು ಸುಟ್ಟೆ. ಗೂಡಿನ ಪ್ರತಿ ಸಂದಿಗೂ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಸುಣ್ಣ ಬಳಿದೆ. ಹೊಸ ಅಡ್ಡಗೋಲು ನಯವಾಗಿ ಹೆರೆದದ್ದು. ಅದು ಗೋಡೆಗೆ ತಾಗದೆ ನಾಲ್ಕು ಕಾಲುಗಳ ಮೇಲೆ ನಿಲ್ಲುತ್ತದೆ, ಆ ಕಾಲುಗಳು ಎಣ್ಣೆ ತುಂಬಿದ ಡಬ್ಬಿಗಳಲ್ಲಿವೆ. ಇರುವೆ ಬಾರದಿರಲಿ ಎಂದು ಹಿಂದೆ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬವನ್ನು ನೀರಿನ ತಟ್ಟೆಯಲ್ಲಿಡುತ್ತಿದ್ದ ಉಪಾಯವೇ ಇದು. ಸೆಕೆಗಾಲದಲ್ಲಿ ನುಸಿಯ ಮೊಟ್ಟೆ ಬೆಳೆದು ದೊಡ್ಡದಾಗಲು ಒಂದು ವಾರ ಸಾಕು, ಹಾಗಾಗಿ ಒಂದೇ ಸಲ ಸ್ವಚ್ಛ ಮಾಡಿದರೆ ಸಾಲದು. ಆರು ದಿನಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿದ ಮೇಲೆ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಿತು.

ಹೇನು ಬೇರೆ, ಅದು ಕೋಳಿಯ ಮೈಮೇಲೆಯೇ ಬದುಕುತ್ತದೆ. ಬಾಲದಡಿಯ ಗರಿಗಳ ಬುಡದಲ್ಲಿ ಸಬ್ಬಕ್ಕಿ ಅಂಟಿದಂತೆ ಬೆಳ್ಳಗೆ ಗುಂಪುಗಟ್ಟಿದ್ದರೆ ಅದು ಹೇನಿನ ಮೊಟ್ಟೆ. ವೈದ್ಯರು ಕೊಟ್ಟ ಪುಡಿ ಆ ಮೊಟ್ಟೆಗಳನ್ನು ಕೊಲ್ಲುವುದಿಲ್ಲವಾದ್ದರಿಂದ ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಾಕಲೇಬೇಕು. ಹಳೆಯ ಕಾರಿನ ಟೈರಿನೊಳಗೆ ಮರಳು, ಒಣಮಣ್ಣು, ಸೌದೆ ಒಲೆಯ ಬೂದಿ ತುಂಬಿಟ್ಟಿದ್ದೇನೆ. ಮಧ್ಯಾಹ್ನ ಕೋಳಿಗಳು ಒಂದಾದ ಮೇಲೊಂದು ಅದರಲ್ಲಿ ಹೊರಳಿ ಮೈಯ ಹೇನು ಕೊಡವಿಕೊಳ್ಳುತ್ತವೆ.

ಜಂತುಹುಳುವಿನ ವಿಷಯಕ್ಕೆ ಬಂದರೆ, ಮೂರು ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಔಷಧ ಕೊಡುವ ಪದ್ಧತಿಯನ್ನು ನಾನು ಬಿಟ್ಟಿದ್ದೇನೆ. ಶಾವಿಗೆ ಎಳೆಯಂಥ ಬಿಳಿ ಹುಳು ಒಮ್ಮೆ ಹಿಕ್ಕೆಯಲ್ಲಿ ಬಿದ್ದಾಗ ಗಾಬರಿಯಿಂದ ಎಲ್ಲಕ್ಕೂ ಔಷಧ ಹಾಕಿದೆ, ಎರಡು ತಿಂಗಳಲ್ಲಿ ಮತ್ತೆ ಬಿತ್ತು. ಏಕೆಂದರೆ ಹುಳುವಿನ ಮೊಟ್ಟೆಗಳು ಹಿತ್ತಿಲ ಮಣ್ಣಿನಲ್ಲೇ ಇದ್ದವು, ಕೋಳಿಗಳು ಅದೇ ಮಣ್ಣನ್ನು ಕೆದಕುತ್ತಿದ್ದವು. ಈಗ ಹಿತ್ತಿಲನ್ನು ಬಲೆಯಿಂದ ಎರಡು ಭಾಗ ಮಾಡಿ, ಒಂದರಲ್ಲಿ ಕೋಳಿ ಬಿಟ್ಟಾಗ ಇನ್ನೊಂದರಲ್ಲಿ ಸೊಪ್ಪು ಬಿತ್ತುತ್ತೇನೆ. ನಾಲ್ಕೈದು ಕೋಳಿಗಳ ಹೊಸ ಹಿಕ್ಕೆಯನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ ಪರೀಕ್ಷೆಗೆ ಕೊಟ್ಟು, ಮೊಟ್ಟೆ ಕಂಡರೆ ಮಾತ್ರ ಔಷಧ. ಔಷಧ ಕೊಟ್ಟ ದಿನಗಳಲ್ಲೂ ಆಮೇಲೆ ವೈದ್ಯರು ಹೇಳುವಷ್ಟು ದಿನವೂ ಇಟ್ಟ ಮೊಟ್ಟೆಗಳನ್ನು ಮನೆಯಲ್ಲಿ ತಿನ್ನುವುದೂ ಇಲ್ಲ, ನೆರೆಯವರಿಗೆ ಕೊಡುವುದೂ ಇಲ್ಲ.

ಕೋಳಿ ಸಿಡುಬನ್ನು ಸೊಳ್ಳೆ ಹರಡುತ್ತದೆ. ಗೂಡಿಗೆ ಸೊಳ್ಳೆಪರದೆ ಕಟ್ಟಿದ ಮೇಲೆ ನಮ್ಮಲ್ಲಿ ಅದು ಕಾಣಿಸಿಕೊಂಡಿಲ್ಲ. ಒಂದೇ ದಿನ ಹಲವು ಕೋಳಿ ಸತ್ತರೆ ಮಾತ್ರ ನಾನು ಯಾವುದನ್ನೂ ಮುಟ್ಟದೆ, ಎಲ್ಲಿಗೂ ಒಯ್ಯದೆ ಮೊದಲು ಪಶುಪಾಲನಾ ಇಲಾಖೆಗೆ ಫೋನ್ ಮಾಡುತ್ತೇನೆ, ಸಹಾಯವಾಣಿಯ ಸಂಖ್ಯೆ 1962. ಇಲ್ಲಿಗೆ ದೂರವಲ್ಲದ ಹೆಸರಘಟ್ಟದಲ್ಲಿ 2012ರ ಅಕ್ಟೋಬರಿನಲ್ಲಿ ಕೋಳಿಜ್ವರ ದೃಢಪಟ್ಟಿತ್ತು ಎಂಬುದನ್ನು ನಮ್ಮ ಭಾಗದಲ್ಲಿ ಕೋಳಿ ಸಾಕುವವರು ಮರೆಯಬಾರದು.

ಇನ್ನು ಕೊಕ್ಕರೆ ರೋಗ. ಹಸಿರು ನೀರಿನಂಥ ಭೇದಿ, ಏದುಸಿರು, ತಿರುಚಿದ ಕುತ್ತಿಗೆ. ಬಂದ ಮೇಲೆ ಇದಕ್ಕೆ ಔಷಧವಿಲ್ಲ, ಮುಂಚೆಯೇ ಲಸಿಕೆ ಹಾಕಿಸಬೇಕು. ಮರಿಗೆ ಒಂದು ವಾರವಾದಾಗ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೆ, ನಾಲ್ಕನೆಯ ವಾರ ಇನ್ನೊಮ್ಮೆ, ಎಂಟನೆಯ ವಾರ ಆರ್2ಬಿ ಚುಚ್ಚುಮದ್ದು ರೆಕ್ಕೆಯಡಿ. ಹಿತ್ತಿಲಲ್ಲಿ ಸಾಕುವವರ ಕಷ್ಟವೆಂದರೆ ಸೀಸೆಯಲ್ಲಿ ಕಡಿಮೆಯೆಂದರೂ ನೂರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಒಮ್ಮೆ ಒಂದು ಅಂಗಡಿಯವರು ಐಸ್ ಇಲ್ಲದೆ ಬರಿಯ ಕಾಗದದಲ್ಲಿ ಸುತ್ತಿ ಕೊಟ್ಟ ಸೀಸೆಯನ್ನು ನಾನು ಕೇಳದೆ ತಂದು ಹಾಕಿದ್ದೆ. ಆ ಸಲದ ಮರಿಗಳಲ್ಲಿ ಅರ್ಧ ಕೊಕ್ಕರೆ ರೋಗಕ್ಕೇ ಹೋದವು. ಈಗ ಥರ್ಮಾಸ್ ಇಲ್ಲದೆ ಲಸಿಕೆ ತರಲು ಹೋಗುವುದಿಲ್ಲ.

ಸುತ್ತಿನ ಬೀದಿಗಳಲ್ಲಿ ಕೋಳಿ ಸಾಕುವ ಒಂಬತ್ತು ಮನೆಗಳು ಸೇರಿ ದಿನ ಗೊತ್ತುಮಾಡಿಕೊಳ್ಳುತ್ತೇವೆ. ಭಾನುವಾರ ಬೆಳಿಗ್ಗೆ ಆರಕ್ಕೆ ಮಂಕರಿಗಳಲ್ಲಿ ಮರಿಗಳು ಬರುತ್ತವೆ. "ಅಕ್ಕಾ, ನಮ್ಮದೊಂದು ತೂಕಡಿಸ್ತಾ ಇದೆ, ಹಾಕಬಹುದಾ?" ಎಂದು ಯಾರಾದರೂ ಕೇಳಿದರೆ, ಆ ಮಂಕರಿಯನ್ನು ಗೇಟಿನ ಆಚೆಯೇ ಇಡಿಸುತ್ತೇನೆ, ಸೊರಗಿದ ಮರಿಗೆ ಲಸಿಕೆ ಹಾಕಬಾರದು. ತಲೆಯನ್ನು ಮಗ್ಗುಲಾಗಿ ಹಿಡಿದು ಹನಿ ಬಿಟ್ಟು, ಮರಿ ಕಣ್ಣು ಮಿಟುಕಿಸಿ ಹನಿ ಒಳಗಿಳಿಯುವವರೆಗೆ ಬಿಡುವುದಿಲ್ಲ. ಲಸಿಕೆ ನಮ್ಮ ಕಣ್ಣಿಗೆ ಸಿಡಿದರೆ ಕಣ್ಣು ಕೆಂಪಾಗಿ ಉರಿಯುತ್ತದೆ, ಆದ್ದರಿಂದ ಕನ್ನಡಕ ಹಾಕಿಕೊಂಡೇ ಕೂರುತ್ತೇನೆ. ಕೊನೆಯ ಮಂಕರಿ ಹೋದ ಮೇಲೆ ಉಳಿದ ಲಸಿಕೆಯನ್ನು ಸೀಸೆಯ ಸಮೇತ ಹಳೆಯ ಪಾತ್ರೆಯಲ್ಲಿ ಕುದಿಸಿ, ಕೈಯನ್ನು ಸಾಬೂನಿನಿಂದ ಎರಡು ಸಲ ತೊಳೆದು ಒಳಗೆ ಬರುತ್ತೇನೆ.