ಬೆಸುಗೆ ಹಾಕಿದ್ದು ದಂಡ

20 ಮೀಟರ್ ತರಂಗಾಂತರದ ರೇಡಿಯೊ ಬ್ಯಾಂಡಿನಲ್ಲಿ ದೂರದ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ) ಒಬ್ಬರ ಜೊತೆ ಮಾತು ಸೊಗಸಾಗಿ ಸಾಗಿತ್ತು. ನಡುಮಧ್ಯಾಹ್ನ. ಇದ್ದಕ್ಕಿದ್ದಂತೆ ಅವರ ದನಿ ಕುಗ್ಗಿತು, ನೋಡನೋಡುತ್ತ ಬ್ಯಾಂಡೇ ಸತ್ತಿತು. ಹಿನ್ನೆಲೆಯ ಸದ್ದು ಕೂಡ ಇಳಿದದ್ದರಿಂದ ಕೇಬಲ್ ಕೈಕೊಟ್ಟಿತೆಂದೇ ತಿಳಿದೆ. ಮಾಳಿಗೆ ಹತ್ತಿ, ಕನೆಕ್ಟರ್ ಬಿಚ್ಚಿ, ಹೊಸದಾಗಿ ಬೆಸುಗೆ ಹಾಕಿ ಕೆಳಗಿಳಿದರೆ ಸ್ಟೇಷನ್‌ಗಳು ಮತ್ತೆ ಕೇಳಿಸುತ್ತಿದ್ದವು. ನನ್ನ ಕೈಚಳಕಕ್ಕೆ ನಾನೇ ಬೀಗಿದೆ. ರಾತ್ರಿ ಸೂರ್ಯನ ಮೇಲೂ ಕಣ್ಣಿಡುವ ಅಮೆರಿಕದ ಗೋಸ್ ಉಪಗ್ರಹದ ಎಕ್ಸ್-ಕಿರಣದ ಗ್ರಾಫ್ ನೋಡಿದೆ: ಸರಿಯಾಗಿ ಅದೇ ಹೊತ್ತಿಗೆ ಎಕ್ಸ್ ವರ್ಗದ, ಅಂದರೆ ಅತಿ ಪ್ರಬಲ ವರ್ಗದ ಸೌರಜ್ವಾಲೆ!

ಜ್ವಾಲೆಯ ಎಕ್ಸ್-ಕಿರಣ ಎಂಟು ನಿಮಿಷ ಚಿಲ್ಲರೆಯಲ್ಲಿ ಇಲ್ಲಿಗೆ ತಲುಪಿ, ಹಗಲಿರುವ ಕಡೆ ಅಯಾನುಗೋಳದ (ನಮ್ಮ ಸಿಗ್ನಲ್ಲನ್ನು ಭೂಮಿಗೆ ಮರಳಿಸುವ ವಾತಾವರಣದ ಮೇಲ್ಭಾಗ) ಕೆಳಗಿನ ಡಿ ಪದರವನ್ನು ದಟ್ಟವಾಗಿಸುತ್ತದೆ. ಆ ಪದರ ನಮ್ಮ ಸಿಗ್ನಲ್ಲನ್ನು ಮೇಲಕ್ಕೆ ಬಿಡದೆ ನುಂಗುತ್ತದೆ. ಕಡಿಮೆ ಆವರ್ತನವಾದಷ್ಟೂ ನುಂಗುವುದು ಹೆಚ್ಚು, ಚೇತರಿಕೆಯೂ ತಡ. ಹಾಗಾಗಿ ಈಗ ಜ್ವಾಲೆ ಕಂಡರೆ ಹೆಚ್ಚಿನ ಆವರ್ತನದ 15 ಅಥವಾ 10 ಮೀಟರಿಗೆ ಏರುತ್ತೇನೆ. ಅಲ್ಲೂ ಏನಿಲ್ಲವೆಂದರೆ ಕಾಫಿ.

ಭೂಕಾಂತೀಯ ಬಿರುಗಾಳಿಯ ಲೆಕ್ಕ ಇದಕ್ಕೆ ತದ್ವಿರುದ್ಧ. ಸೂರ್ಯ ಉಗುಳಿದ ಪ್ಲಾಸ್ಮಾ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ ಕಾವಲಿರುವ ಉಪಗ್ರಹಗಳು ಅದು ಬಡಿಯುವ ಅರ್ಧ-ಮುಕ್ಕಾಲು ಗಂಟೆ ಮೊದಲೇ ಸುಳಿವು ಕೊಡುತ್ತವೆ. ಅಲ್ಲಿ ನಾನು ನೋಡುವುದು ಆ ಪ್ಲಾಸ್ಮಾ ಹೊತ್ತು ತರುವ ಕಾಂತಕ್ಷೇತ್ರದ ಬಿಜೆಡ್, ಅಂದರೆ ಉತ್ತರ-ದಕ್ಷಿಣ ಘಟಕ, ಒಂದನ್ನೇ. ಅದು ದಕ್ಷಿಣಕ್ಕೆ ತಿರುಗಿ ಹಾಗೇ ನಿಂತರೆ ಭೂಕಾಂತೀಯ ಕಲಕಾಟವನ್ನು 0ರಿಂದ 9ರವರೆಗೆ ಅಳೆಯುವ ಕೆಪಿ ಸೂಚ್ಯಂಕ ಏರುತ್ತದೆ, ಸಿಗ್ನಲ್ಲನ್ನು ಮರಳಿಸುವ ಮೇಲಿನ ಎಫ್ ಪದರ ಸೊರಗುತ್ತದೆ, ಹೆಚ್ಚಿನ ಆವರ್ತನದ ಬ್ಯಾಂಡುಗಳು ಮೊದಲು ಮುಚ್ಚುತ್ತವೆ. ಆಗ ಕಡಿಮೆ ಆವರ್ತನದ 30, 40 ಮೀಟರಿಗೆ ಇಳಿಯಬೇಕು. 2024ರ ಮೇ ತಿಂಗಳಲ್ಲಿ ಕೆಪಿ 9 ಮುಟ್ಟಿದಾಗ ಈ ಉಪಾಯಕ್ಕೂ ದೊಡ್ಡ ಬೆಲೆಯಿರಲಿಲ್ಲ.

10.7 ಸೆಂಟಿಮೀಟರಿನ ಸೌರ ಫ್ಲಕ್ಸ್ (ಆ ತರಂಗಾಂತರದಲ್ಲಿ ಸೂರ್ಯ ಹೊಮ್ಮಿಸುವ ರೇಡಿಯೊ ವಿಕಿರಣದ ಅಳತೆ) ಹೆಚ್ಚಿದ್ದರೆ ಸಾಕು, ಬ್ಯಾಂಡ್ ತೆರೆದೇ ಇರುತ್ತದೆ ಎಂದು ಬಹಳ ದಿನ ನಂಬಿದ್ದೆ. ಅದು ವಾರದ ಅಂದಾಜಿಗೆ ಸರಿ, ಈ ಗಳಿಗೆಗಲ್ಲ. ಈ ಗಳಿಗೆಗೆ ಹತ್ತಿರದ ಅಯಾನೊಸೋಂಡ್ (ಮೇಲಕ್ಕೆ ಸಿಗ್ನಲ್ ಕಳಿಸಿ ಪದರಗಳನ್ನು ಅಳೆಯುವ ಉಪಕರಣ) ತೋರಿಸುವ, ಎಫ್ ಪದರದ ಮೇಲ್ಭಾಗವಾದ ಎಫ್2ರ ಕ್ರಾಂತಿಕ ಆವರ್ತನವೇ, ಅಂದರೆ ನೆಟ್ಟಗೆ ಮೇಲಕ್ಕೆ ಕಳಿಸಿದರೂ ಮರಳುವ ಗರಿಷ್ಠ ಆವರ್ತನವೇ, ವಾಸಿ.

ಅಂಕಿಗಳು ಏನೇ ಹೇಳಲಿ, ಕೊನೆಗೆ 20 ಮೀಟರ್ ಬ್ಯಾಂಡಿನ 14.100 ಮೆಗಾಹರ್ಟ್ಸಿಗೆ ಕಿವಿ ಕೊಡುತ್ತೇನೆ. ಅಲ್ಲಿ ಜಗತ್ತಿನ 18 ಬೀಕನ್‌ಗಳಿಗೆ (ತಾವಾಗಿಯೇ ಸಂಕೇತ ಬಿತ್ತರಿಸುವ ಕೇಂದ್ರಗಳು) ತಲಾ 10 ಸೆಕೆಂಡಿನ ಸರದಿ: ಕರೆಸಂಕೇತದ ಬೆನ್ನಿಗೆ 100, 10, 1, 0.1 ವಾಟ್‌ಗಳಲ್ಲಿ ನಾಲ್ಕು ಉದ್ದನೆಯ ಸ್ವರ. ದೂರದ ಒಂದು ಬೀಕನ್ನಿನ 1 ವಾಟ್ ಸ್ವರ ಕೇಳಿಸಿದರೂ ಸಾಕು, ಬೆಸುಗೆ ಕಡ್ಡಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ.