‘ಕುಟುಂಬದ ಮುಖ್ಯಸ್ಥ’ ಎಂಬ ಕಲಂ: ಹವಾಮಾನ ಯೋಜನೆಯಲ್ಲಿ ಲಿಂಗ ಸಮಾನತೆ, ನನ್ನ ಅನುಭವ

ಪ್ರಾದೇಶಿಕ ಹವಾಮಾನ ಕ್ರಿಯಾ ಯೋಜನೆಯೊಂದನ್ನು ರೂಪಿಸುವ ತಂಡದಲ್ಲಿ ಲಿಂಗ ಸಮಾನತೆಯ ಹೊಣೆ ನನಗೆ ಬಂದಾಗ, ನಾನು ಮೊದಲು ಮಾಡಿದ್ದು ಕರಡಿನ ಕೊನೆಗೆ ‘ಮಹಿಳೆಯರು ಮತ್ತು ಹವಾಮಾನ ಬದಲಾವಣೆ’ ಎಂಬ ಪ್ರತ್ಯೇಕ ಅಧ್ಯಾಯವೊಂದನ್ನು ಸೇರಿಸಿದ್ದು. ಅದಕ್ಕೆ ಯಾರೂ ಆಕ್ಷೇಪ ಎತ್ತಲಿಲ್ಲ. ಏಕೆ ಎತ್ತಲಿಲ್ಲವೆಂಬುದು ಅನುಷ್ಠಾನದ ಹಂತದಲ್ಲಿ ತಿಳಿಯಿತು: ಕೃಷಿ, ನೀರು, ಇಂಧನ, ವಿಪತ್ತು ನಿರ್ವಹಣೆಯ ಅಧ್ಯಾಯಗಳಿಗೆ ಹೊಣೆ ಹೊತ್ತ ಇಲಾಖೆ, ಅನುದಾನ, ಗಡುವು ಎಲ್ಲವೂ ಇದ್ದವು, ನನ್ನ ಅಧ್ಯಾಯದಲ್ಲಿದ್ದದ್ದು ಆಶಯ ಮಾತ್ರ. ಎರಡು ವರ್ಷಗಳ ನಂತರದ ಪರಿಶೀಲನೆಯಲ್ಲಿ ಅದರ ಒಂದು ವಾಕ್ಯವೂ ಯಾವ ಇಲಾಖೆಯ ವರದಿಯಲ್ಲೂ ಕಾಣಿಸಲಿಲ್ಲ.

ಪರಿಷ್ಕರಣೆಯ ಸಮಯ ಬಂದಾಗ ನಾನು ಆ ಅಧ್ಯಾಯವನ್ನು ಕೈಬಿಟ್ಟು, ಉಳಿದ ಅಧ್ಯಾಯಗಳ ಅರ್ಜಿ ನಮೂನೆ, ಅರ್ಹತಾ ಷರತ್ತು, ಸೂಚಕ ಮತ್ತು ಬಜೆಟ್ ಸಾಲುಗಳನ್ನು ಒಂದೊಂದಾಗಿ ಓದಲು ಕುಳಿತೆ. ಮೊದಲು ಕೈಗೆ ಬಂದದ್ದು ಬೇಸ್‌ಲೈನ್ ಸಮೀಕ್ಷೆಯ, ಅಂದರೆ ಯೋಜನೆ ಶುರುವಾಗುವ ಮುನ್ನ ಮನೆಗಳ ಸ್ಥಿತಿಯನ್ನು ದಾಖಲಿಸುವ ಸಮೀಕ್ಷೆಯ, ನಮೂನೆ. ಅದರ ಮೊದಲ ಕಲಂ ‘ಕುಟುಂಬದ ಮುಖ್ಯಸ್ಥನ ಹೆಸರು’. ಅದರ ಕೆಳಗಿನ ಪ್ರಶ್ನೆಗಳಿಗೆಲ್ಲ, ಎಷ್ಟು ಜಾನುವಾರುಗಳಿವೆ, ನೀರು ಎಲ್ಲಿಂದ ಬರುತ್ತದೆ, ಕಳೆದ ಬರದಲ್ಲಿ ಏನು ನಷ್ಟವಾಯಿತು ಎಂಬುದಕ್ಕೂ, ಆ ಒಬ್ಬನೇ ಉತ್ತರಿಸುತ್ತಿದ್ದ. ನೀರಿಗಾಗಿ ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ ಎಂಬ ಪ್ರಶ್ನೆಗೆ ನೀರು ಹೊರದವನು ಕೊಟ್ಟ ಉತ್ತರದ ಮೇಲೆ ನಮ್ಮ ನೀರಿನ ಅಧ್ಯಾಯ ನಿಂತಿತ್ತು. ಮನೆಯ ಪ್ರತಿಯೊಬ್ಬ ವಯಸ್ಕರಿಗೂ ಒಂದು ಸಾಲು ಕೊಟ್ಟು, ಕೆಲಸ ಮಾಡುವವರು ಯಾರು, ತೀರ್ಮಾನಿಸುವವರು ಯಾರು, ಮೊಬೈಲ್ ಯಾರ ಕೈಯಲ್ಲಿರುತ್ತದೆ ಎಂಬ ಮೂರು ಕಲಂಗಳನ್ನು ಸೇರಿಸಿದೆವು. ಸಮೀಕ್ಷೆಯ ಸಮಯ ಸುಮಾರು ಎರಡರಷ್ಟಾಯಿತು, ಸಿಬ್ಬಂದಿ ಬೇಸರಪಟ್ಟರು. ಆದರೂ ಇದರಲ್ಲಿ ರಾಜಿ ಮಾಡಿಕೊಳ್ಳಬಾರದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಲಿಂಗವಾರು ಅಂಕಿಅಂಶ ಇಲ್ಲದಿದ್ದರೆ ಮುಂದಿನ ಯಾವ ಚರ್ಚೆಯಲ್ಲೂ ನಮ್ಮ ಮಾತಿಗೆ ಆಧಾರವಿರುವುದಿಲ್ಲ.

ಮೂರನೆಯ ಕಲಂ ನಮ್ಮ ಮುನ್ನೆಚ್ಚರಿಕೆ ವ್ಯವಸ್ಥೆಯ ದೋಷವನ್ನು ತೋರಿಸಿಕೊಟ್ಟಿತು. ಸಂದೇಶ ಹೋಗುತ್ತಿದ್ದದ್ದು ನೋಂದಾಯಿತ ಮೊಬೈಲ್‌ಗೆ, ಆ ಮೊಬೈಲ್ ಹಗಲಿನಲ್ಲಿ ಮನೆಯ ಹೊರಗೆ, ಪ್ರವಾಹ ಬಂದರೆ ಮಕ್ಕಳನ್ನೂ ವೃದ್ಧರನ್ನೂ ಹೊರತರಬೇಕಾದವಳು ಮನೆಯ ಒಳಗೆ. 1991ರ ಬಾಂಗ್ಲಾದೇಶದ ಚಂಡಮಾರುತದಲ್ಲಿ ಸುಮಾರು 1.4 ಲಕ್ಷ ಜನ ಸತ್ತರು, ಅವರಲ್ಲಿ ಮಹಿಳೆಯರ ಸಂಖ್ಯೆ ಪುರುಷರಿಗಿಂತ ಬಹಳ ಹೆಚ್ಚಿತ್ತು. ಎಚ್ಚರಿಕೆ ಅವರಿಗೆ ಸರಿಯಾಗಿ ತಲುಪದಿದ್ದುದು, ಗಂಡಸರ ಒಪ್ಪಿಗೆಯಿಲ್ಲದೆ ಮನೆ ಬಿಡಲಾಗದಿದ್ದುದು, ಆಶ್ರಯ ತಾಣಗಳಲ್ಲಿ ಮರೆಯಿಲ್ಲದಿದ್ದುದು ಅದಕ್ಕೆ ಕಾರಣಗಳಾಗಿದ್ದವು. ಆ ದೇಶ ಮುಂದೆ ಮಹಿಳಾ ಸ್ವಯಂಸೇವಕರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡಿತು, ಆಶ್ರಯ ತಾಣಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಜಾಗ ಮಾಡಿತು. ಈ ಉದಾಹರಣೆಯನ್ನು ನಾನು ವಿಪತ್ತು ನಿರ್ವಹಣೆಯ ಅಧಿಕಾರಿಗಳ ಮುಂದಿಟ್ಟಾಗ ಅವರು ವಾದಿಸಲಿಲ್ಲ. ಧ್ವನಿವರ್ಧಕ ಮತ್ತು ಮನೆಮನೆಗೆ ಹೋಗುವ ಮಹಿಳಾ ಸ್ವಯಂಸೇವಕರ ವೆಚ್ಚ ಎಷ್ಟಾಗುತ್ತದೆಂದು ಕೇಳಿದರು.

ಹೆಚ್ಚು ಕಷ್ಟವಾದದ್ದು ಕೃಷಿಯ ಅಧ್ಯಾಯ. ಬರ ಪರಿಹಾರ, ಹನಿ ನೀರಾವರಿ, ಸೌರ ಪಂಪ್ ಎಲ್ಲದರ ಅರ್ಹತೆ ‘ಜಮೀನಿನ ಮಾಲೀಕರು’ ಎಂಬ ಎರಡೇ ಪದಗಳಲ್ಲಿತ್ತು. ಓದುವುದಕ್ಕೆ ಅದರಲ್ಲಿ ತಾರತಮ್ಯವೇನೂ ಕಾಣುವುದಿಲ್ಲ. ಆದರೆ ಬಿತ್ತನೆಯಿಂದ ಕೊಯ್ಲಿನವರೆಗೆ ದುಡಿದರೂ ದಾಖಲೆಯಲ್ಲಿ ಹೆಸರಿಲ್ಲದ ಮಹಿಳೆ, ಗೇಣಿಗೆ ಮಾಡುವವಳು, ಗಂಡ ವಲಸೆ ಹೋದಮೇಲೆ ಹೊಲವನ್ನು ಒಬ್ಬಳೇ ನೋಡಿಕೊಳ್ಳುವವಳು, ಇವರೆಲ್ಲ ಆ ಎರಡು ಪದಗಳಿಂದಾಗಿ ಪಟ್ಟಿಯ ಹೊರಗೆ ಉಳಿಯುತ್ತಾರೆ. ಅದನ್ನು ‘ಜಮೀನನ್ನು ಸಾಗುವಳಿ ಮಾಡುತ್ತಿರುವವರು’ ಎಂದು ಬದಲಿಸಲು ಏಳು ಸಭೆಗಳು ಬೇಕಾದವು. ದುರುಪಯೋಗವಾಗುತ್ತದೆಂಬ ಆತಂಕ ನಿಜವಾದದ್ದೇ ಆಗಿತ್ತು; ಸ್ಥಳೀಯ ಸಮಿತಿಯ ದೃಢೀಕರಣ ಪತ್ರವನ್ನು ಪರ್ಯಾಯ ದಾಖಲೆಯಾಗಿ ಒಪ್ಪಿಕೊಂಡಮೇಲೆಯೇ ಮಾತು ಮುಂದೆ ಸಾಗಿತು.

ಹಣಕಾಸು ವಿಭಾಗದವರನ್ನು ಒಪ್ಪಿಸಲು ನೆರವಾದದ್ದು ಅಂತರರಾಷ್ಟ್ರೀಯ ಮಟ್ಟದ ಒಂದು ನಿಯಮ. ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಲಿಂಗ ಸಮಾನತೆಗಾಗಿ ರೂಪಿಸಿದ 2014ರ ಲಿಮಾ ಕಾರ್ಯಕ್ರಮವಾಗಲಿ, 2015ರ ಪ್ಯಾರಿಸ್ ಒಪ್ಪಂದದ ಏಳನೆಯ ವಿಧಿ ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಕೆಲಸ ಲಿಂಗ ಸಂವೇದಿಯಾಗಿರಬೇಕೆಂದು ಹೇಳುವುದಾಗಲಿ ಅವರನ್ನು ಹೆಚ್ಚು ತಟ್ಟಲಿಲ್ಲ. ಅಭಿವೃದ್ಧಿಶೀಲ ದೇಶಗಳ ಹವಾಮಾನ ಯೋಜನೆಗಳಿಗೆ ಹಣ ಒದಗಿಸುವ ಹಸಿರು ಹವಾಮಾನ ನಿಧಿಗೆ ಸಲ್ಲಿಸುವ ಪ್ರಸ್ತಾವದ ಜೊತೆ ಲಿಂಗ ವಿಶ್ಲೇಷಣೆಯೂ ಲಿಂಗ ಕ್ರಿಯಾ ಯೋಜನೆಯೂ ಇರಲೇಬೇಕು ಎಂಬ ನಿಯಮವನ್ನು ತೋರಿಸಿದಾಗ ಮಾತ್ರ ಅವರು ಲಿಂಗ ಸಮಾನತೆಗೆ ಹೋಗುವ ಹಣ ಯಾವುದೆಂದು ಬಜೆಟ್ ಸಾಲುಗಳಿಗೆ ಗುರುತು ಹಾಕಲು ಒಪ್ಪಿದರು.

ಸಮಾಲೋಚನಾ ಸಭೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಸಭೆಯ ಹಾಜರಿ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಹಿಗಳು ಮಹಿಳೆಯರವು. ನಡಾವಳಿಯಲ್ಲಿ ಅವರ ಒಂದು ಮಾತೂ ಇರಲಿಲ್ಲ. ಅಂದಿನಿಂದ ನಾವು ಹಾಜರಿಯ ಜೊತೆಗೆ ಮಾತನಾಡಿದವರನ್ನೂ, ಅವರ ಸಲಹೆ ಕರಡಿನ ಯಾವ ಪುಟಕ್ಕೆ ಹೋಯಿತೆಂಬುದನ್ನೂ ದಾಖಲಿಸಲು ಆರಂಭಿಸಿದೆವು. ಮಹಿಳೆಯರ ಪ್ರತ್ಯೇಕ ಸಭೆಯನ್ನು ಮೊದಲು ನಡೆಸಿ, ಅಲ್ಲಿ ಅವರೇ ಆರಿಸಿದ ಇಬ್ಬರು ಸಾಮಾನ್ಯ ಸಭೆಯಲ್ಲಿ ಮೊದಲು ಮಾತನಾಡುವಂತೆ ಕಾರ್ಯಸೂಚಿಯನ್ನು ಬದಲಿಸಿದೆವು. ಹೀಗೆ ಮಾಡಿದ ಮೊದಲ ಸಭೆಯಲ್ಲೇ ಒಬ್ಬರು ಎದ್ದುನಿಂತು, ಕರಡು ನಕ್ಷೆಯಲ್ಲಿ ‘ಬಳಕೆಯಿಲ್ಲದ ಭೂಮಿ’ ಎಂದು ಗುರುತಿಸಿದ್ದ, ನೆಡುತೋಪಿಗೆ ಆಯ್ಕೆಯಾಗಿದ್ದ ಜಾಗ ತಾವು ಮೇವು, ಸೌದೆ ತರುವ ಜಾಗವೆಂದು ಬೆರಳಿಟ್ಟು ತೋರಿಸಿದರು. ಆ ನೆಡುತೋಪನ್ನು ಬೇರೆಡೆಗೆ ಬದಲಿಸಿ, ಅಲ್ಲಿ ಮೇವಿನ ಮರಗಳನ್ನೂ ಸೇರಿಸಲಾಯಿತು.

ಹಸಿರುಮನೆ ಅನಿಲಗಳ ಹೊರಸೂಸುವಿಕೆ ತಗ್ಗಿಸುವ ಅಧ್ಯಾಯಗಳಲ್ಲಿ ನಾವು ಇಷ್ಟು ದೂರ ಬಂದಿಲ್ಲ. ಸಾರಿಗೆ ಯೋಜನೆ ಇನ್ನೂ ಬೆಳಗ್ಗೆ ಕಚೇರಿಗೆ, ಸಂಜೆ ಮನೆಗೆ ಹೋಗುವವರ ಲೆಕ್ಕದಲ್ಲೇ ಇದೆ; ಶಾಲೆ, ಸಂತೆ, ಆಸ್ಪತ್ರೆ ಸುತ್ತಿ ಬರುವವಳ ಸಣ್ಣಸಣ್ಣ ಪ್ರಯಾಣಗಳು ಅದರಲ್ಲಿಲ್ಲ. ಸಮೀಕ್ಷೆಯಲ್ಲಿಯೂ ‘ತೀರ್ಮಾನಿಸುವವರು ಯಾರು’ ಎಂಬ ಕಲಂನಲ್ಲಿ ಹಲವು ಕಡೆ ‘ಇಬ್ಬರೂ’ ಎಂದೇ ಬರುತ್ತಿತ್ತು. ಗಂಡನ ಎದುರಿನಲ್ಲೇ ಪ್ರಶ್ನೆ ಕೇಳಲಾಗಿತ್ತು. ಈ ಸಲ ಸಿಬ್ಬಂದಿಯನ್ನು ಜೋಡಿಯಾಗಿ ಕಳುಹಿಸಿ, ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿಸುತ್ತಿದ್ದೇವೆ.